ವ್ಯಾನಿಟಿ ಬ್ಯಾಗಿನಲ್ಲಿ ರಿವಾಲ್ವರ್ ಬೇಕೇ?

ಕಳೆದ ಮಳೆಗಾಲದ ಒಂದು ಸಂಜೆ ಪಕ್ಕದ ಮನೆಯ ತಂಗಿ ಮೊಬೈಲು ಹಿಡಿದುಕೊಂಡು ಬಂದಳು. ಗಂಡ ಗಲ್ಫಿನಲ್ಲಿ. ಮನೆಯಲ್ಲಿ ಅವಳು, ಒಂಬತ್ತು ವರ್ಷದ ಮಗಳು, ಕಿವಿ ಮಂದವಾದ ಅತ್ತೆ. ಹಿಂದಿನ ವಾರ ರಾತ್ರಿ ಯಾರೋ ಹಿತ್ತಿಲ ಬಾಗಿಲು ತಳ್ಳಿ ನೋಡಿ ಹೋಗಿದ್ದರು.

"ಅಕ್ಕಾ, ಇವರು ಕಳಿಸಿದ್ದಾರೆ ನೋಡಿ. ಹೆಂಗಸರಿಗೇಂತಲೇ ಮಾಡಿದ ರಿವಾಲ್ವರ್ ಉಂಟಂತೆ. ಒಂದು ತಗೊಳ್ಳುವುದಾ ಎಂತ?"

ನಿಮಗೂ ಎಂದಾದರೂ ಹೀಗನ್ನಿಸಿರಬಹುದು. ನಗಬೇಡಿ; ಹೆದರಿದವರಿಗೆ ಮಾತ್ರ ಗೊತ್ತು ಆ ರಾತ್ರಿಯ ಉದ್ದ. ಬನ್ನಿ, ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣ.

ಅವಳು ತೋರಿಸಿದ್ದು 'ನಿರ್ಭೀಕ್' ಎಂಬ ರಿವಾಲ್ವರ್. 2012ರ ಡಿಸೆಂಬರಿನ ದೆಹಲಿಯ ಘೋರ ಘಟನೆ ನಿಮಗೆ ನೆನಪಿದೆ. ಅದಾದ ಮೇಲೆ, 2014ರ ಜನವರಿಯಲ್ಲಿ, ಕಾನ್ಪುರದ ಸರಕಾರಿ ಕಾರ್ಖಾನೆಯಿಂದ ಇದು ಹೊರಬಂತು. ಹಗುರವಾದ ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು ಅರ್ಧ ಕಿಲೋ, ಆರು ಗುಂಡು. ಒಡವೆಯ ಪೆಟ್ಟಿಗೆಯಂಥ ಕೆಂಪು ಡಬ್ಬಿಯಲ್ಲಿಟ್ಟು ಕೊಟ್ಟರು! ಆಗಿನ ಬೆಲೆ 1,22,000 ರೂಪಾಯಿಗೂ ಮೇಲೆ. ಅಷ್ಟು ಹಣಕ್ಕೆ ಮಗಳಿಗೊಂದು ಬಳೆ ಮಾಡಿಸಬಹುದಿತ್ತು ಎಂದು ನಮ್ಮಲ್ಲಿ ಎಷ್ಟು ಮಂದಿ ಅಂದುಕೊಂಡಿರಲಿಕ್ಕಿಲ್ಲ!

ಇದರ ಅಳತೆ .32. ಅಂದರೆ ಗುಂಡಿನ ದಪ್ಪ ಅಂಗುಲದ ನೂರರಲ್ಲಿ 32 ಪಾಲು, ಹೆಚ್ಚುಕಡಿಮೆ ಒಂದು ಕಡಲೆಕಾಳಿನಷ್ಟು. 1896ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹಳೆಯ ಅಳತೆ ಇದು. ಹೊರದೇಶಗಳಲ್ಲಿ ಈಗ ಹೆಚ್ಚಾಗಿ ಗುರಿ ಹೊಡೆಯುವ ಸ್ಪರ್ಧೆಗಳವರು ಬಳಸುತ್ತಾರೆ. ಹಾಗಿದ್ದರೆ ನಮ್ಮಲ್ಲೇಕೆ ಇದೇ? ಕಾರಣ ಸರಳ. ಪೊಲೀಸರು, ಸೈನಿಕರು ಬಳಸುವ 9 ಎಂಎಂ, .38 ಮುಂತಾದ ಅಳತೆಗಳು ಜನಸಾಮಾನ್ಯರಿಗೆ ನಿಷಿದ್ಧ. ಉಳಿದದ್ದು .32 ಮತ್ತು .22ರಂಥ ಚಿಕ್ಕವು. ಬಂಗಾಳದ ಇಚ್ಛಾಪುರ ಕಾರ್ಖಾನೆಯ 'ನಿಡರ್' ಎಂಬ ಪುಟ್ಟ ರಿವಾಲ್ವರ್ .22ರದ್ದು, ತೂಕ ಕಾಲು ಕಿಲೋ ಅಷ್ಟೆ.

ಚಿಕ್ಕದೆಂದರೆ ಆಟಿಕೆಯಲ್ಲ, ಜೀವ ತೆಗೆಯುತ್ತದೆ. ಆದರೆ ಏಟು ತಿಂದವನು ಆ ಕ್ಷಣವೇ ನಿಂತುಬಿಡುತ್ತಾನೆಂಬ ಭರವಸೆಯೂ ಇಲ್ಲ. ಇದನ್ನು ಮನಸ್ಸಿನಲ್ಲಿಡಿ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಜೈಲು. ವಯಸ್ಸು 21 ತುಂಬಿರಬೇಕು. ನಮ್ಮ ಮಂಗಳೂರು ನಗರದಲ್ಲಾದರೆ ಅರ್ಜಿ ಪೊಲೀಸ್ ಕಮಿಷನರರಿಗೆ, ಹಳ್ಳಿಕಡೆಯವರಾದರೆ ಜಿಲ್ಲಾಧಿಕಾರಿಗಳಿಗೆ. ಪೊಲೀಸರು ವಿಚಾರಿಸಿ ವರದಿ ಕೊಡುತ್ತಾರೆ. ಯಾಕೆ ಬೇಕೆಂಬುದಕ್ಕೆ ಒಪ್ಪುವಂಥ ಕಾರಣ ಹೇಳಬೇಕು. ಲೈಸೆನ್ಸ್ ಐದು ವರ್ಷಕ್ಕೆ. 2016ರ ನಿಯಮದಂತೆ ಹೊರಗೆ ಒಯ್ಯುವಾಗ ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ನಾಲ್ಕು ಜನರ ಮುಂದೆ ಝಳಪಿಸುವಂತಿಲ್ಲ.

"ಕೊಡಗಿನವರಿಗೆ ಲೈಸೆನ್ಸೇ ಬೇಡ ಅಲ್ವಾ ಅಕ್ಕಾ?" ಎಂದಳು. ಹೌದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಉಂಟು; 2029ರ ವರೆಗೆ ಅದನ್ನು ಮುಂದುವರಿಸಿದ್ದಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಮನೆತನಗಳ ಮಾತು ಅದು. ಘಟ್ಟದ ಕೆಳಗಿನ ನಮಗೆ ಅನ್ವಯಿಸುವುದಿಲ್ಲ. ನಮ್ಮ ಜಿಲ್ಲೆಯ ತೋಟದವರ ಕೋವಿಯೂ ಮಂಗ, ಹಂದಿಯಿಂದ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದದ್ದು.

ಆತ್ಮರಕ್ಷಣೆ ನಿಮ್ಮ ಹಕ್ಕು, ಸಂಶಯ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ವರೆಗಿನ ಕಲಮುಗಳು ಅದನ್ನೇ ಹೇಳುತ್ತವೆ. ಅತ್ಯಾಚಾರ, ಅಪಹರಣ, ಆಸಿಡ್ ದಾಳಿ, ಪ್ರಾಣಭಯ ಎದುರಾದಾಗ ಎದುರಾಳಿಯ ಸಾವಾದರೂ ಕಾನೂನು ನಿಮ್ಮ ಪರ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಅಪಾಯ ಕಳೆದು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಅದು ರಕ್ಷಣೆ ಎನಿಸದು.

ಇಷ್ಟೆಲ್ಲ ಹೇಳುವಾಗ ಅವಳ ಮಗಳು ಓಡಿ ಬಂದಳು. "ಅಮ್ಮಾ, ಹತ್ತು ರೂಪಾಯಿ" ಎಂದವಳೇ, ಕೇಳದೆ ಬಿಡದೆ, ತಾಯಿಯ ಬ್ಯಾಗಿನ ಜಿಪ್ ಎಳೆದು ಒಳಗೆ ಕೈ ಹಾಕಿದಳು. ದಿನವೂ ಹಾಗೆಯೇ ಅಲ್ಲವೇ? ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳ ಬಣ್ಣವೇ ಇಳಿದುಹೋಯಿತು.

ಬೀಗ ಹಾಕಿಟ್ಟರೆ ಬೇಕಾದಾಗ ಕೈಗೆ ಸಿಗದು. ಕೈಗೆ ಸಿಗುವಂತಿಟ್ಟರೆ ಮಗುವಿಗೂ ಸಿಗುತ್ತದೆ. ತಾಯಂದಿರೇ, ಈ ತೊಡಕನ್ನು ಯಾವ ಅಳತೆಯ ಗುಂಡೂ ಬಿಡಿಸಲಾರದು.

ನಿಜವಾದ ಬೆದರಿಕೆ ಇದ್ದು, ತರಬೇತಿ ಪಡೆದು, ಅಭ್ಯಾಸ ಬಿಡದೆ, ಜೋಪಾನವಾಗಿ ಇಡಬಲ್ಲವರು ಲೈಸೆನ್ಸಿಗೆ ಅರ್ಜಿ ಹಾಕಲಿ, ತಪ್ಪೇನಿಲ್ಲ. ಉಳಿದ ನಮಗೆ ಮೊದಲು ಮಾಡಬೇಕಾದ್ದು ಬೇರೆಯೇ ಉಂಟು:

* ಹಿತ್ತಿಲ ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಡ್ಡಪಟ್ಟಿ, ಮುಂಬಾಗಿಲಿಗೆ ಸರಪಳಿ ಮತ್ತು ಇಣುಕುಗಾಜು.

* ಹೊರಗಿನ ದೀಪದ ಸ್ವಿಚ್ಚು ಮಲಗುವ ಕೋಣೆಯಲ್ಲಿರಲಿ.

* 112 ಪೊಲೀಸ್ ತುರ್ತು ಕರೆ, 181 ಮಹಿಳಾ ಸಹಾಯವಾಣಿ. ಅತ್ತೆಗೂ ಮಗಳಿಗೂ ಬಾಯಿಪಾಠ ಮಾಡಿಸಿ.

* ಮೆಣಸಿನ ಸ್ಪ್ರೇಗೆ ಲೈಸೆನ್ಸ್ ಬೇಡ. ತಂದು ಬ್ಯಾಗಿನ ತಳದಲ್ಲಿಟ್ಟರೆ ಪ್ರಯೋಜನವಿಲ್ಲ. ಒಮ್ಮೆ ಅಂಗಳದಲ್ಲಿ, ಗಾಳಿಯ ದಿಕ್ಕು ನೋಡಿ, ಒತ್ತಿ ಅಭ್ಯಾಸ ಮಾಡಿ. ಅದನ್ನೂ ಮಕ್ಕಳ ಕೈಗೆಟುಕದಂತೆ ಇಡಿ.

* ನೆರೆಮನೆಯವರೊಡನೆ ಒಂದು ಗುರುತು ಇಟ್ಟುಕೊಳ್ಳಿ.

ನಾವು ಇಟ್ಟುಕೊಂಡ ಗುರುತು ಏನು ಗೊತ್ತೇ? ಅಡುಗೆಮನೆಯ ತಾಮ್ರದ ಕೊಡಪಾನ ಮತ್ತು ಸೌಟು. ಮೂರು ಸಲ ಬಡಿದರೆ ನಾಲ್ಕು ಮನೆಯ ದೀಪ ಹತ್ತಬೇಕು. ಕಳೆದ ಶನಿವಾರ ಬಡಿದು ನೋಡಿದೆವು. ಕಿವಿ ಮಂದವಾದ ಅತ್ತೆಯೂ ಎದ್ದು ಕೂತು, "ಎಂತ ಮಾರಾಯ್ತಿ, ನಡುರಾತ್ರಿ ಗಲಾಟೆ?" ಎಂದು ಕೇಳಿದರು!