ಹೃದಯಕ್ಕೆ ಎರಡು ದಾರಿ

ತಡಿಯಂಡಮೋಳ್ ಬೆಟ್ಟದ ತಪ್ಪಲಿನ ಕಕ್ಕಬೆಯವರಿಗೆ ದಾರಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿತೆಂದರೆ ಉಪಾಯ ಎರಡೇ: ಮಣ್ಣನ್ನು ಸರಿಸಿ ಅದೇ ರಸ್ತೆಯನ್ನು ತೆರೆಯುವುದು, ಇಲ್ಲವೆ ತೋಟದ ಮಗ್ಗುಲಲ್ಲಿ ಬಳಸುದಾರಿಯೊಂದನ್ನು ಕಡಿಯುವುದು. ಹೃದಯಕ್ಕೆ ರಕ್ತವುಣಿಸುವ ನಾಳಗಳು ಕಟ್ಟಿಕೊಂಡಾಗ ವೈದ್ಯನ ಕೈಗೆ ಒದಗುವ ಉಪಾಯಗಳೂ ಇಂಥವೇ. ಮೊದಲನೆಯದು ಸ್ಟೆಂಟು, ಎರಡನೆಯದು ಬೈಪಾಸ್.

ಇತಿಹಾಸದಲ್ಲಿ ಬಳಸುದಾರಿಯೇ ಮೊದಲು. ಅರ್ಜೆಂಟೀನದ ರೆನೆ ಫಾವಲೊರೊ ಹನ್ನೆರಡು ವರ್ಷ ಹಳ್ಳಿಯ ವೈದ್ಯನಾಗಿದ್ದವನು. ಬಳಿಕ ಅಮೆರಿಕದ ಕ್ಲೀವ್‌ಲ್ಯಾಂಡಿಗೆ ಹೋಗಿ, 1967ರಲ್ಲಿ ಕಾಲಿನ ರಕ್ತನಾಳದ ತುಂಡಿನಿಂದ ಹೃದಯಕ್ಕೆ ಹೊಸ ಕಾಲುವೆ ಜೋಡಿಸಿದನು. 1977ರಲ್ಲಿ ಜ್ಯೂರಿಚ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎದೆಯನ್ನು ಸೀಳದೆಯೇ ಪುಟ್ಟ ಬಲೂನಿನಿಂದ ನಾಳವನ್ನು ಅಗಲಿಸಿದನು. ಅದು ಮತ್ತೆ ಕುಗ್ಗದಂತೆ ಆನಿಸುವ ಲೋಹದ ಜಾಲರಿಯೇ ಸ್ಟೆಂಟು. ಅದು ಮನುಷ್ಯನ ಹೃದಯವನ್ನು ಸೇರಿದ್ದು 1986ರಲ್ಲಿ.

ಇವುಗಳಲ್ಲಿ ಯಾವುದು ಮೇಲೆಂಬುದಕ್ಕೆ ರೋಗಿಯಿಂದ ರೋಗಿಗೆ ಉತ್ತರ ಬೇರೆ. ಹೃದಯಾಘಾತದ ಗಳಿಗೆಯಲ್ಲಿ ಚರ್ಚೆಗೆ ಎಡೆಯಿಲ್ಲ. ಕಟ್ಟಿದ ನಾಳವನ್ನು ಕೂಡಲೇ ತೆರೆಯಬೇಕು, ಅದಕ್ಕೆ ಸಾಮಾನ್ಯವಾಗಿ ಸ್ಟೆಂಟೇ ತಕ್ಕುದು. ದೊಡ್ಡ ಆಸ್ಪತ್ರೆ ಹಲವು ಗಂಟೆಗಳ ದಾರಿಯಾದರೆ, ಹತ್ತಿರದಲ್ಲೇ ಹೆಪ್ಪು ಕರಗಿಸುವ ಮದ್ದು ಪಡೆದು ಮುಂದೆ ಸಾಗುವುದುಂಟು. ಗುಡ್ಡಗಾಡಿನವರು ಇದನ್ನು ನೆನಪಿನಲ್ಲಿಡಬೇಕು.

ಅವಸರವಿಲ್ಲದಾಗ ವಿವೇಚನೆಗೆ ಅವಕಾಶವಿದೆ. ಹಲವು ನಾಳಗಳು ಕಟ್ಟಿದ 1,900 ಮಧುಮೇಹಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಐದು ವರ್ಷಗಳೊಳಗೆ ಸ್ಟೆಂಟಿನವರಲ್ಲಿ ನೂರಕ್ಕೆ 16.3 ಮಂದಿಯೂ ಬೈಪಾಸಿನವರಲ್ಲಿ 10.9 ಮಂದಿಯೂ ತೀರಿಕೊಂಡರು. ಆದರೆ ಪಾರ್ಶ್ವವಾಯು ಬೈಪಾಸಿನವರನ್ನೇ ಹೆಚ್ಚು ಕಾಡಿತು: 2.4ಕ್ಕೆ ಎದುರಾಗಿ 5.2. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕೊಂಚ ಕಿತ್ತುಕೊಳ್ಳುವ ಲೆಕ್ಕವಿದು. ಇನ್ನು, ರೋಗ ಸ್ಥಿರವಾಗಿದ್ದ 5,179 ಮಂದಿಯ ಪರೀಕ್ಷೆಯೊಂದು 2020ರಲ್ಲಿ ಪ್ರಕಟವಾಯಿತು. ಮೊದಲು ಮದ್ದನ್ನೇ ನೆಚ್ಚಿದವರಿಗಿಂತ, ಆರಂಭದಲ್ಲೇ ಸ್ಟೆಂಟು ಅಥವಾ ಬೈಪಾಸಿಗೆ ಮುಂದಾದವರ ಆಯುಸ್ಸು ಹೆಚ್ಚಿದ್ದು ಅದರಲ್ಲಿ ಕಾಣಲಿಲ್ಲ. ಎದೆನೋವು ಮಾತ್ರ ಹೆಚ್ಚು ಶಮನವಾಯಿತು.

ಬದುಕಿನ ರೀತಿಯನ್ನೂ ತಕ್ಕಡಿಗೆ ಹಾಕಬೇಕು. ಬೈಪಾಸಾದವನ ಎದೆಯೆಲುಬು ಕೂಡಲು ಎರಡು ಮೂರು ತಿಂಗಳು ಬೇಕು. ಅಷ್ಟು ಕಾಲ ಮೆಣಸಿನ ಬಳ್ಳಿಗೆ ಏಣಿ ಹಾಕುವಂತಿಲ್ಲ, ಕಾಫಿಯ ಮೂಟೆ ಹೊರುವಂತಿಲ್ಲ. ಸ್ಟೆಂಟಿನವನು ಕೆಲವೇ ದಿನಗಳಲ್ಲಿ ಮನೆ ಸೇರಿಯಾನು. ಆದರೆ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಗಳನ್ನು ತಾನಾಗಿ ಬಿಟ್ಟರೆ ಜಾಲರಿಯೇ ಕಟ್ಟಿಕೊಂಡು ಪ್ರಾಣಕ್ಕೆ ಎರವಾದೀತು.

ಆದುದರಿಂದ ನಾಳದ ಚಿತ್ರವನ್ನು ಹೃದ್ರೋಗತಜ್ಞನೂ ಶಸ್ತ್ರವೈದ್ಯನೂ ಕೂಡಿ ನೋಡಲೆಂದು ಕೇಳುವುದು ರೋಗಿಯ ಹಕ್ಕು. ದಾರಿಯನ್ನು ಬಲ್ಲವರು ಅವರು. ಅದರಲ್ಲಿ ನಡೆಯಬೇಕಾದವನು ಇವನು.