ಅಂಕಿಗಳ ಕಂಠಾಭರಣ

ದಸರೆಯ ವೈಭವವನ್ನು ಕಂಡ ಮೈಸೂರಿಗರಿಗೆ ಅರಸರ ಆಭರಣಗಳ ವರ್ಣನೆ ಬೇಕಿಲ್ಲ. ಆದರೆ ಚಿನ್ನವೂ ರತ್ನವೂ ಇಲ್ಲದೆ, ಬರಿಯ ಅಂಕಿಗಳಿಂದಲೇ ಹಾರ ಕಟ್ಟಿದವನೊಬ್ಬನು ಕನ್ನಡನಾಡಿನಲ್ಲಿದ್ದನೆಂಬುದು ಎಷ್ಟು ಮಂದಿಗೆ ಗೊತ್ತು? ಅವನೇ ಮಹಾವೀರಾಚಾರ್ಯ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ ಜೈನ ಪಂಡಿತ. ಗುಣಾಕಾರದಿಂದ ಹುಟ್ಟುವ ಕೆಲವು ಸುಂದರ ಸಂಖ್ಯೆಗಳನ್ನು ಆತನು ಕೊರಳ ಆಭರಣಕ್ಕೆ ಹೋಲಿಸಿದ್ದಾನೆ.

27994681ನ್ನು 441ರಿಂದ ಗುಣಿಸಿದರೆ ದೊರೆಯುವ 12345654321 ಅಂತಹ ಒಂದು ಹಾರ. ಓದುವುದಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಒಂದಕ್ಕೆ ಇಳಿಯುವ ಈ ಸಂಖ್ಯೆ ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಒಂದೇ.

ಇದರ ಗುಟ್ಟೇನು? 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 5291ನ್ನು 21ರಿಂದ ಗುಣಿಸಿದರೆ 111111. ಆದುದರಿಂದ ನಮ್ಮ ಹಾರವು 111111ರ ವರ್ಗವಲ್ಲದೆ ಬೇರೆಯಲ್ಲ. 111111ನ್ನು ಅದರಿಂದಲೇ ಕಾಗದದ ಮೇಲೆ ಗುಣಿಸಿ ನೋಡಿರಿ. ಆರು ಸಾಲುಗಳು, ಪ್ರತಿಯೊಂದು ಸಾಲೂ ಒಂದು ಸ್ಥಾನ ಎಡಕ್ಕೆ ಸರಿಯುತ್ತದೆ. ಕೂಡುವಾಗ ಬಲತುದಿಯಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು, ನಟ್ಟನಡುವೆ ಆರು, ಅನಂತರ ಇಳಿತ. ಎಲ್ಲಿಯೂ ದಶಕವನ್ನು ಮುಂದಿನ ಸ್ಥಾನಕ್ಕೆ ಒಯ್ಯಬೇಕಾಗಿಲ್ಲ. ಆರು ಸಾಲುಗಳಲ್ಲಿ ಆರಾರು ಒಂದುಗಳಿರುವುದರಿಂದ ಹಾರದ ಅಂಕಿಗಳ ಮೊತ್ತವೂ 36! ಒಂಬತ್ತು ಒಂದುಗಳವರೆಗೆ ಈ ಸೊಗಸು ನಿಲ್ಲುತ್ತದೆ. ಹತ್ತು ಒಂದುಗಳ ವರ್ಗ ಮಾಡಿದರೆ 1234567900987654321. ನಡುವಿನ ಎಳೆ ಕಡಿದೇಹೋಯಿತು.

ಹಾರವನ್ನು ಬಿಚ್ಚಿದರೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು ಎರಡೆರಡು ಬಾರಿ ದೊರೆಯುತ್ತವೆ. ಇದನ್ನು ಶೇಷವಿಲ್ಲದೆ ಭಾಗಿಸಬಲ್ಲ ಸಂಖ್ಯೆಗಳು ಒಟ್ಟು 243.

ಇದು ಪಂಡಿತರ ವಿನೋದವಷ್ಟೇ ಎನ್ನುವಂತಿಲ್ಲ. ಗುಣಾಕಾರ ಕಲಿಯುವ ಬಾಲಕನು ಒಂದು ಸ್ಥಾನ ತಪ್ಪಿದರೂ ಹಾರದ ಅಂದ ಕೆಡುತ್ತದೆ. ತಪ್ಪನ್ನು ತೋರಿಸಲು ಉಪಾಧ್ಯಾಯರ ಬೆತ್ತ ಬೇಕಿಲ್ಲ, ಉತ್ತರವೇ ಸಾಕು. ಲೆಕ್ಕವೆಂದರೆ ನಡುಗುವ ಮಗುವಿಗೆ ಇದಕ್ಕಿಂತ ಸೌಮ್ಯನಾದ ಗುರು ಯಾರು?

1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಗೊಳಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದ ಹೊರಬಂದಿತು. ನೃಪತುಂಗನ ಕಾಲದ ಆಭರಣ ಹೀಗೆ ಕನ್ನಡದ ಮಕ್ಕಳ ಕೈಗೆಟುಕುವಂತಾಗಿದೆ. ಅದನ್ನು ಪೆಟ್ಟಿಗೆಯಲ್ಲಿಟ್ಟು ಫಲವಿಲ್ಲ. ಇಂದು ಸಂಜೆ ಮನೆಯ ಮಕ್ಕಳಿಗೆ ಆಚಾರ್ಯನ ಇನ್ನೊಂದು ಲೆಕ್ಕವನ್ನು ಕೊಡಿರಿ: 152207ನ್ನು 73ರಿಂದ ಗುಣಿಸಲಿ. ಉತ್ತರ ಸರಿಯೇ ಎಂದು ಅವರು ಯಾರನ್ನೂ ಕೇಳಬೇಕಾಗುವುದಿಲ್ಲ.