ಪರದೇಶದ ಓದು, ಊರಿನ ನೆನಪು

ಬಸವಕಲ್ಯಾಣದ ಬಳಿಯ ನಮ್ಮ ನಾರಾಯಣಪುರದಂಥ ಊರುಗಳ ಮಕ್ಕಳೂ ಇಂದು ಓದಿಗಾಗಿ, ತರಬೇತಿಗಾಗಿ ಪರದೇಶದ ಕನಸು ಕಾಣುತ್ತಾರೆ. ಹೋದವರು ನಮ್ಮವರಾಗಿಯೇ ಉಳಿದಾರೆಯೇ ಎಂಬ ಅಳುಕು ಹೆತ್ತವರದು. ಅದಕ್ಕೆ ಈ ನೆಲದಲ್ಲಿಯೇ ಒಂದು ಸಮಾಧಾನವಿದೆಯೆಂದು ನಾನು ಬಗೆಯುತ್ತೇನೆ.

ಹನ್ನೊಂದನೆಯ ಶತಮಾನದಲ್ಲಿ ಬಿಲ್ಹಣನು ಕಾಶ್ಮೀರದಲ್ಲಿ ವಿದ್ಯೆ ಮುಗಿಸಿ, ಮಥುರೆ, ಕನೌಜ, ಪ್ರಯಾಗ, ಕಾಶಿಗಳನ್ನು ಹಾದು ಕಲ್ಯಾಣಕ್ಕೆ ಬಂದನು. ಆರನೆಯ ವಿಕ್ರಮಾದಿತ್ಯನು ಅವನಿಗೆ ‘ವಿದ್ಯಾಪತಿ’ ಪದವಿಯನ್ನಿತ್ತನು. ಆ ದೊರೆಯನ್ನು ಕುರಿತ ‘ವಿಕ್ರಮಾಂಕದೇವಚರಿತ’ದ ಕೊನೆಯ ಸರ್ಗದಲ್ಲಿ ಕವಿ ಬಣ್ಣಿಸಿದ್ದು ಮಾತ್ರ ತನ್ನ ಕಾಶ್ಮೀರವನ್ನು, ಹುಟ್ಟೂರಾದ ಖೋನಮುಖವನ್ನು.

ನಮ್ಮ ಕಾಲಕ್ಕೆ ಬಂದರೆ, ಯು. ಆರ್. ಅನಂತಮೂರ್ತಿಯವರು ಸಂಶೋಧನೆಗೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು. 1966ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿದ್ದಾಗಲೇ ಬರೆದ ‘ಸಂಸ್ಕಾರ’ 1965ರಲ್ಲಿ ಹೊರಬಂದಿತು. ಅದರಲ್ಲಿರುವುದು ಮಲೆನಾಡಿನ ಅಗ್ರಹಾರ.

ಇದಕ್ಕೆ ಕಾರಣ ಸರಳ. ಪರಸ್ಥಳದಲ್ಲಿ ನಮ್ಮ ಊರನ್ನು ಇತರರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಹೇಳುತ್ತ ಹೇಳುತ್ತ ಅದು ನಮಗೇ ಹೊಸದಾಗಿ ತಿಳಿಯತೊಡಗುತ್ತದೆ. ಆದರೆ ದೂರವೊಂದೇ ಈ ಕೆಲಸ ಮಾಡಲಾರದು, ನುಡಿ ಬಳಕೆಯಲ್ಲಿರಬೇಕು. ಹಗಲೆಲ್ಲ ಪ್ರಯೋಗಾಲಯದಲ್ಲೋ ಕಾರ್ಖಾನೆಯಲ್ಲೋ ಕೆಲಸ ಕಲಿಯುವ ನಮ್ಮ ಮಕ್ಕಳು ರಾತ್ರಿ ಕನ್ನಡದಲ್ಲಿ ಒಂದು ಪುಟ ಬರೆಯಲಿ. ಮನೆಯವರು ಅದಕ್ಕೆ ಕನ್ನಡದಲ್ಲಿಯೇ ಉತ್ತರ ಬರೆಯಲಿ.